ತಲೆಗೆ ಪೆಟ್ಟು ಬಿದ್ದರೆ ಮುಚ್ಚಿಡಬೇಡಿ

ಅಮೆರಿಕದ ಕಾಲೇಜು ತಂಡಗಳಲ್ಲಿ ಆಡುವ ಮಕ್ಕಳ ಅಪ್ಪ-ಅಮ್ಮಂದಿರಿಂದ ಈ ಸಲವೂ ಅವೇ ಪ್ರಶ್ನೆಗಳು. ಒಂದಕ್ಕೆ ಮಾತ್ರ ಬಿಡಿಸಿ ಉತ್ತರ ಬರೆಯುತ್ತೇನೆ.

ಪ್ರಶ್ನೆ: ಡಾಕ್ಟ್ರೇ, ಮಗಳು ಡಿವಿಷನ್ ಒನ್, ಅಂದರೆ ಕಾಲೇಜು ಕ್ರೀಡೆಯ ಅತಿ ಮೇಲಿನ ದರ್ಜೆಯ ಕಾಲೇಜಿನಲ್ಲಿ ಸಾಕರ್ (ನಾವು ಫುಟ್‌ಬಾಲ್ ಅನ್ನುವುದು) ಆಡುತ್ತಾಳೆ. ಹೋದ ವಾರ ಇನ್ನೊಬ್ಬಳ ತಲೆಗೆ ಡಿಕ್ಕಿ ಹೊಡೆದಳು. ಸಿ.ಟಿ. ಸ್ಕ್ಯಾನ್ ನಾರ್ಮಲ್. ಆದರೂ ತಲೆನೋವು, ಬೆಳಕು ಕಂಡರೆ ಆಗಲ್ಲ ಅಂತಾಳೆ. ತಂಡಕ್ಕೆ ಇಷ್ಟೇ ಜನ ಅಂತ ಈಗ ಮಿತಿ ಬಂದಿದೆಯಲ್ಲ, ಹೇಳಿಕೊಂಡರೆ ಜಾಗ, ಸ್ಕಾಲರ್‌ಶಿಪ್ ಎರಡೂ ಹೋಗುತ್ತಾ? ಸುಮ್ನಿರು ಅಂದಿದ್ದೇನೆ.

ಉತ್ತರ: ಇವತ್ತೇ ಫೋನ್ ಮಾಡಿ, ಸುಮ್ನಿರಬೇಡ, ಈಗಲೇ ತಂಡದ ಡಾಕ್ಟರ್ ಹತ್ತಿರ ಹೋಗು ಅನ್ನಿ. ಸಿ.ಟಿ.ಯಲ್ಲಿ ಕಾಣುವುದು ರಕ್ತಸ್ರಾವ, ಮೂಳೆ ಮುರಿತ. ಕನ್ಕಷನ್, ಅಂದರೆ ಪೆಟ್ಟಿನಿಂದ ಮಿದುಳು ಅಲುಗಾಡಿ ಅದರ ಕೆಲಸ ಏರುಪೇರಾಗುವುದು, ಕಾಣುವುದಿಲ್ಲ. ಇದನ್ನು ಎಷ್ಟು ಸಲ ಬರೆದರೂ ‘ಸ್ಕ್ಯಾನ್ ನಾರ್ಮಲ್’ ಅಂತ ಮಕ್ಕಳನ್ನು ಮೈದಾನಕ್ಕೆ ಕಳಿಸುವುದು ನಿಂತಿಲ್ಲ.

ನಿಮ್ಮ ಭಯಕ್ಕೆ ಕಾರಣ ಇದೆ, ಒಪ್ಪುತ್ತೇನೆ. ದುಡ್ಡಿನ ವಿಷಯಕ್ಕೆ ಆಟಗಾರರು ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಮೇಲೆ ಹಾಕಿದ್ದ ಹೌಸ್ ಕೇಸಿನ ರಾಜಿಗೆ 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿಗೆ ಕೊಟ್ಟಿತು. ಜುಲೈ 1ರಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು, ಅದು ಅವರು ಬೆವರು ಸುರಿಸಿ ದುಡಿದದ್ದು, ನನಗೆ ಸಂತೋಷವೇ. ಆದರೆ ಈ ರಾಜಿಗೆ ಸೇರಿದ ಕಾಲೇಜುಗಳಲ್ಲಿ ತಂಡಕ್ಕೆ ಮಿತಿಯೂ ಬಂತು, ಅಮೆರಿಕನ್ ಫುಟ್‌ಬಾಲ್‌ಗೆ 105 ಜನ, ಸಾಕರ್‌ಗೆ 28. ಸ್ಕಾಲರ್‌ಶಿಪ್ ಇಲ್ಲದೆ ಆಡುತ್ತಿದ್ದ ಎಷ್ಟೋ ಮಕ್ಕಳ ಜಾಗ ಹೋಯಿತು. ಹೀಗಿರುವಾಗ ನೋವು ಮುಚ್ಚಿಡುವುದು ಇನ್ನೂ ಜಾಸ್ತಿ ಆಗುತ್ತದೆ ಅನ್ನುವುದೇ ನನ್ನ ಚಿಂತೆ.

ಆದರೆ ನಿಯಮ ನಿಮ್ಮ ಮಗಳ ಕಡೆಗೂ ಇದೆ. 2024ರ ಆಗಸ್ಟ್ 1ರಿಂದ ಡಿವಿಷನ್ ಒನ್‌ನಲ್ಲಿ ಗಾಯದ ನೆಪ ಹೇಳಿ ಸ್ಕಾಲರ್‌ಶಿಪ್ ಕಡಿಮೆ ಮಾಡುವಂತಿಲ್ಲ, ಕಿತ್ತುಕೊಳ್ಳುವಂತಿಲ್ಲ. ಆಟದಿಂದಾದ ಗಾಯಕ್ಕೆ ಆಟ ಮುಗಿದ ಮೇಲೂ ಕನಿಷ್ಠ ಎರಡು ವರ್ಷ ಚಿಕಿತ್ಸೆಯ ಖರ್ಚಿಗೆ ವ್ಯವಸ್ಥೆ ಇರಬೇಕು. ಯೋಚನೆ ಮಾಡಿ, ಇವತ್ತು ಮುಚ್ಚಿಟ್ಟ ಪೆಟ್ಟು ಯಾವ ದಾಖಲೆಯಲ್ಲೂ ಇರುವುದಿಲ್ಲ, ನಾಳೆ ಆ ಖರ್ಚು ಕೇಳಲು ಕೈಯಲ್ಲಿ ಏನಿರುತ್ತದೆ? ತಂಡದ ಜಾಗದ ಬಗ್ಗೆ ಮಾತ್ರ ಅಂಥ ಭರವಸೆ ಇಲ್ಲ. ಹೋದರೂ ಹೋಗಬಹುದು. ಹೋದರೆ ಹೋಗಲಿ.

ಆಡಬಹುದೋ ಬೇಡವೋ ಅನ್ನುವುದು ತಂಡದ ಡಾಕ್ಟರ್ ಮತ್ತು ಅಥ್ಲೆಟಿಕ್ ಟ್ರೈನರ್ (ಆಟಗಾರರ ಗಾಯ ನೋಡಿಕೊಳ್ಳುವ ಆರೋಗ್ಯ ಸಿಬ್ಬಂದಿ) ಕೈಯಲ್ಲಿದೆ, ಕೋಚ್ ಕೈಯಲ್ಲಲ್ಲ. ಇನ್ನೊಂದು ವಿಷಯ ಮಗಳನ್ನು ನೇರವಾಗಿ ಕೇಳಿ. ಪೆಟ್ಟು ಬಿದ್ದ ಮೇಲಿನ ಅಂಕದ ಜೊತೆ ಹೋಲಿಸಲು ಸೀಸನ್ ಶುರುವಿನಲ್ಲೇ ಬೇಸ್‌ಲೈನ್ ಪರೀಕ್ಷೆ ಮಾಡುತ್ತಾರೆ: ಕಣ್ಣು ಮುಚ್ಚಿ ಸ್ಪಂಜಿನ ದಿಂಡಿನ ಮೇಲೆ ಒಂಟಿ ಕಾಲಲ್ಲಿ ನಿಲ್ಲಬೇಕು, ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳು ಹೇಳಬೇಕು. ಕೆಲವರು ಬೇಕಂತಲೇ ತಪ್ಪು ಮಾಡುತ್ತಾರೆ, ಮುಂದೆ ಪೆಟ್ಟು ಬಿದ್ದಾಗ ಎರಡೂ ಅಂಕ ಹೊಂದಲಿ ಅಂತ. ಇವಳೂ ಹಾಗೆ ಮಾಡಿದ್ದರೆ ಡಾಕ್ಟರ್‌ಗೆ ಹೇಳಲೇಬೇಕು, ಇಲ್ಲದಿದ್ದರೆ ಅವರು ಸುಳ್ಳು ಅಂಕ ನಂಬಿ ಆಡಲು ಬಿಡುತ್ತಾರೆ.

ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವುದು ಹಳೆಯ ಕಾಲದ ಸಲಹೆ. ಒಂದೆರಡು ದಿನ ವಿಶ್ರಾಂತಿ, ಆಮೇಲೆ ಹಗುರ ನಡಿಗೆ, ಫೋನ್ ಕಡಿಮೆ. ಮೈದಾನಕ್ಕೆ ಮಾತ್ರ ಹಂತ ಹಂತವಾಗಿ, ಡಾಕ್ಟರ್ ಹೇಳಿದ ಮೇಲೆ. ನನ್ನನ್ನು ಕೇಳಿದರೆ ಇನ್ನೂ ಒಂದು ಪಂದ್ಯ ಬಿಟ್ಟರೂ ಪರವಾಗಿಲ್ಲ. ವಾಸಿಯಾಗುವ ಮೊದಲೇ ಎರಡನೇ ಪೆಟ್ಟು ಬಿದ್ದರೆ, ಅಪರೂಪವಾದರೂ, ಮಿದುಳು ಊದಿಕೊಂಡು ಜೀವ ಹೋಗಬಹುದು. ಆನ್‌ಲೈನಲ್ಲಿ ಮಾರುವ ‘ಬ್ರೈನ್ ರಿಕವರಿ’ ಕ್ಯಾಪ್ಸೂಲು ಬರೀ ಮೋಸ, ಕನ್ಕಷನ್ ವಾಸಿ ಮಾಡುವ ಸಪ್ಲಿಮೆಂಟ್ ಯಾವುದೂ ಇಲ್ಲ. ಬ್ರಾಹ್ಮಿ ಎಣ್ಣೆಯೂ ಇದಕ್ಕೆ ಔಷಧಿಯಲ್ಲ. ವಾಂತಿ ನಿಲ್ಲದಿದ್ದರೆ, ತಲೆನೋವು ಏರುತ್ತಿದ್ದರೆ, ಎಬ್ಬಿಸಿದರೂ ಏಳದಿದ್ದರೆ ನನಗೆ ಬರೆಯುತ್ತಾ ಕೂರಬೇಡಿ, ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿಸಿ.

ಪ್ರಶ್ನೆ: ಕಾಲೇಜಿಗೆ 2.05 ಕೋಟಿ ಡಾಲರ್ ಅಂತಾರೆ, ಈಜುವ ಮಗನಿಗೆ ಎಷ್ಟು ಬರುತ್ತೆ?

ಉತ್ತರ: ಅದು 2025–26ಕ್ಕೆ ಒಂದು ಕಾಲೇಜು ತನ್ನ ಎಲ್ಲ ಆಟಗಾರರಿಗೆ ಸೇರಿಸಿ ಹಂಚಬಹುದಾದ ಗರಿಷ್ಠ ಮೊತ್ತ. ಹೆಚ್ಚಿನದು ಫುಟ್‌ಬಾಲ್, ಬಾಸ್ಕೆಟ್‌ಬಾಲ್‌ಗೆ. ಲೆಕ್ಕ ಹಾಕಬೇಡಿ.

ಪ್ರಶ್ನೆ: ಎಫ್-1 (ವಿದ್ಯಾರ್ಥಿ) ವೀಸಾದಲ್ಲಿರುವ ಮಗಳಿಗೆ ಜಾಹೀರಾತಿನ ಆಫರ್ ಬಂದಿದೆ, ಸಹಿ ಹಾಕಬಹುದಾ?

ಉತ್ತರ: ಇಮಿಗ್ರೇಷನ್ ವಕೀಲರನ್ನು ಕೇಳುವ ತನಕ ಪೆನ್ನೇ ಮುಟ್ಟಬೇಡಿ.

ಪ್ರಶ್ನೆ: ಆಗಸ್ಟ್ ಬಿಸಿಲಲ್ಲಿ ಪ್ರಾಕ್ಟೀಸ್, ಎಲೆಕ್ಟ್ರೋಲೈಟ್ ಪುಡಿ ಕಳಿಸಿದರೆ ಸಾಕಾ?

ಉತ್ತರ: ಸಾಲದು. ಮೈದಾನದ ಪಕ್ಕದಲ್ಲೇ ಐಸ್ ನೀರಿನ ಟಬ್ ಇದೆಯಾ ಅಂತ ಮಗನನ್ನು ಕೇಳಿ. 2018ರಲ್ಲಿ ಮೇರಿಲ್ಯಾಂಡ್ ಯೂನಿವರ್ಸಿಟಿಯ 19 ವರ್ಷದ ಆಟಗಾರ ಜೋರ್ಡನ್ ಮೆಕ್‌ನೇರ್ ಹೀಟ್‌ಸ್ಟ್ರೋಕ್ ಆಗಿ ತೀರಿಕೊಂಡ. ಅವನನ್ನು ತಣ್ಣೀರಲ್ಲಿ ಮುಳುಗಿಸಿರಲಿಲ್ಲ. ಮೊದಲು ಟಬ್‌ಗೆ ಇಳಿಸಿ ಮೈ ತಣ್ಣಗೆ ಮಾಡಬೇಕು, ಆಸ್ಪತ್ರೆಗೆ ಸಾಗಿಸುವುದು ಆಮೇಲೆ.