ಸೋರಿಕೆಯ ಲೇಖನದಲ್ಲಿ ಹುಡುಕಾಟವೇ ಇಲ್ಲ

ಮಾನ್ಯರೇ,

ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ, ಒಂದು ಸಾಧನವನ್ನು ನಡೆಸುವ ಡ್ರೈವರ್‌ನಲ್ಲಿದ್ದ ಮೆಮೊರಿ ಸೋರಿಕೆಯನ್ನು (ಪಡೆದ ಮೆಮೊರಿಯನ್ನು ಮರಳಿಸದಿರುವ ದೋಷವನ್ನು) ಪತ್ತೆಹಚ್ಚಿದ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ವಿಷಯ ಗಟ್ಟಿಯಾಗಿದೆ, ಆದರೆ ಹುಡುಕಾಟವನ್ನೇ ಬಿಟ್ಟುಬಿಟ್ಟಿರುವುದರಿಂದ ಈಗಿರುವ ರೂಪದಲ್ಲಿ ಪ್ರಕಟಿಸಲಾಗದು.

ಮೆಮೊರಿ ಎಂದರೇನೆಂದು ವಿವರಿಸುವ ಮೊದಲ ಮೂರು ಪುಟಗಳನ್ನು ತೆಗೆದುಹಾಕಿ. ಸಾಮಾನ್ಯ ಪ್ರೋಗ್ರಾಂ ಮುಗಿದಾಗ ಅದು ಹಿಡಿದಿದ್ದ ಮೆಮೊರಿಯನ್ನು ಕರ್ನಲ್ ಹಿಂಪಡೆಯುತ್ತದೆ, ಕರ್ನಲ್ ತಾನೇ ಸೋರಿಸಿಕೊಂಡದ್ದು ಮಾತ್ರ ಸಾಮಾನ್ಯವಾಗಿ ರೀಬೂಟ್ ಆಗುವವರೆಗೂ ಮರಳದು ಎಂಬ ಒಂದು ಮಾತು ಸಾಕು.

‘ಖಾಲಿ ಮೆಮೊರಿ ದಿನೇ ದಿನೇ ಕುಗ್ಗಿತು, ಹಾಗಾಗಿ ಸೋರಿಕೆ ಖಚಿತವಾಯಿತು’ ಎಂದಿದ್ದೀರಿ. ಖಚಿತವಾಗುವುದಿಲ್ಲ. ಓದಿದ ಕಡತಗಳನ್ನೂ ಅವುಗಳ ಹೆಸರುಗಳನ್ನೂ ಲಿನಕ್ಸ್ ಕ್ಯಾಶ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ಇಟ್ಟುಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ಮೆಮೊರಿಯ ಲೆಕ್ಕ ತೋರಿಸುವ ಮೆಮ್‌ಇನ್ಫೋದಲ್ಲಿ, ಕರ್ನಲ್ ಹಾಗೆ ಬಿಟ್ಟುಕೊಡಲಾಗದ ಪಾಲನ್ನು ಹೇಳುವ ಎಸ್‌ಅನ್‌ರೀಕ್ಲೇಮ್ ಅಂಕಿ ಇಳಿಯದೆ ಏರುತ್ತಿತ್ತೇ? ಕರ್ನಲ್ ಹಂಚುವ ಸಣ್ಣ ತುಂಡುಗಳ ಲೆಕ್ಕವಾದ ಸ್ಲ್ಯಾಬ್‌ಇನ್ಫೋದಲ್ಲಿ, 64 ಬೈಟ್‌ಗಳ ತುಂಡುಗಳನ್ನು ಎಣಿಸುವ ಕೆಮಾಲಕ್-64 ಸಾಲು ಗಂಟೆಗೆಷ್ಟು ಬೆಳೆಯಿತು? ಸಂಶಯ ಮೂಡಿಸುವುದು ಆ ಅಂಕಿಗಳು. ಅವು ನಿಮ್ಮ ಲೇಖನದಲ್ಲಿಲ್ಲ.

ಇನ್ನು ನಿಮ್ಮ ನಿಜವಾದ ಕಥೆ ಏಳನೆಯ ಪುಟದಲ್ಲಿ ಎರಡೇ ಸಾಲಿನಲ್ಲಿ ಮುಗಿದುಹೋಗಿದೆ: ಸಾಧನ ಉತ್ತರಿಸದಿದ್ದಾಗ, ಅಷ್ಟರಲ್ಲಿ ಪಡೆದಿದ್ದ 64 ಬೈಟ್‌ಗಳನ್ನು ಕೆಫ್ರೀ ಮಾಡದೆಯೇ, ಅಂದರೆ ಮರಳಿಸದೆಯೇ, ಡ್ರೈವರ್‌ನ ಫಂಕ್ಷನ್ ಹಿಂದಿರುಗುತ್ತದೆ. ಲೇಖನ ಹೆಚ್ಚು ಹೊತ್ತು ತಂಗಬೇಕಾದದ್ದು ಇಲ್ಲಿ. ಸೋರಿಕೆ ಹುಡುಕುವ ಕರ್ನಲ್‌ನ ಸಲಕರಣೆಯಾದ ಕೆಮೆಮ್‌ಲೀಕ್‌ನ ವರದಿಯಲ್ಲಿ ವಸ್ತುವಿನ (ಶಂಕಿತ ಮೆಮೊರಿ ತುಂಡಿನ) ವಿಳಾಸ, ಗಾತ್ರ, ಅದನ್ನು ಪಡೆದ ಪ್ರಕ್ರಿಯೆಯ ಹೆಸರು, ಮೊದಲ ಕೆಲವು ಬೈಟ್‌ಗಳು, ಅದನ್ನು ಪಡೆದಾಗಿನ ಫಂಕ್ಷನ್ ಕರೆಗಳ ಸರಣಿ ಎಲ್ಲವೂ ಇರುತ್ತವೆ. ಅಂಥ ಒಂದು ವರದಿಯನ್ನು ಇದ್ದ ಹಾಗೆಯೇ ಕೊಟ್ಟು, ಸರಣಿಯ ಯಾವ ಸಾಲಿನಲ್ಲಿ ನಿಮ್ಮ ಕಣ್ಣು ನಿಂತಿತು, ಅದಕ್ಕೂ ಮೊದಲು ಯಾವ ಫಂಕ್ಷನ್‌ನ ಮೇಲೆ ತಪ್ಪಾಗಿ ಅನುಮಾನಪಟ್ಟಿರಿ ಎಂಬುದನ್ನು ಬರೆಯಿರಿ. ತಪ್ಪಿದ ದಾರಿಗಳನ್ನು ಮುಚ್ಚಿಟ್ಟಿದ್ದೀರೆಂದು ನನಗನ್ನಿಸುತ್ತದೆ. ಓದುಗರಿಗೆ ಬೇಕಾದದ್ದು ಅವೇ.

ಕೊನೆಯದು ವಾಸ್ತವದ ದೋಷ. ತಿದ್ದುಪಡಿಯ ನಂತರ ‘ಎರಡು ನಿಮಿಷ ಕಾದೆ, ವರದಿ ಖಾಲಿ, ಸೋರಿಕೆ ನಿಂತಿತು’ ಎಂದಿದ್ದೀರಿ. 2009ರಲ್ಲಿ 2.6.31ನೇ ಆವೃತ್ತಿಯೊಂದಿಗೆ ಕರ್ನಲ್ ಸೇರಿದ ಕೆಮೆಮ್‌ಲೀಕ್, ನಾವಾಗಿ ಆಜ್ಞೆ ಕೊಡದಿದ್ದರೆ, ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ಮಾತ್ರ ಶೋಧಿಸುತ್ತದೆ. ಅಲ್ಲದೆ ಯಾವ ಪಾಯಿಂಟರ್‌ಗೂ (ಮೆಮೊರಿಯ ವಿಳಾಸವನ್ನು ಹಿಡಿದಿಡುವ ಚರಕ್ಕೂ) ಸಿಗದ ವಸ್ತುವನ್ನಷ್ಟೇ ಅದು ಸೋರಿಕೆಯೆಂದು ಶಂಕಿಸುತ್ತದೆ. ಬಳಕೆದಾರರ ಎಣಿಕೆಯನ್ನು (ವಸ್ತುವನ್ನು ಎಷ್ಟು ಕಡೆ ಬಳಸಲಾಗುತ್ತಿದೆ ಎಂಬ ಲೆಕ್ಕವನ್ನು) ಇಳಿಸಲು ಮರೆತು ಯಾವುದೋ ಪಟ್ಟಿಯಲ್ಲಿ ಉಳಿದುಹೋದ ವಸ್ತುವಾಗಲಿ, ನೇರವಾಗಿ ಪುಟಗಳ ಲೆಕ್ಕದಲ್ಲಿ ಪಡೆದ ಮೆಮೊರಿಯಾಗಲಿ ಅದರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಸಾಧನವನ್ನು ಮೊದಲಿನಷ್ಟೇ ಬಾರಿ ವಿಫಲಗೊಳಿಸಿ, ತಿದ್ದುಪಡಿಯ ಹಿಂದಿನ ಮತ್ತು ಮುಂದಿನ ಕೆಮಾಲಕ್-64 ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ಕಳುಹಿಸಿ. ಮತ್ತೊಮ್ಮೆ ಓದುತ್ತೇನೆ.

ಇತಿ,
ಸಂಪಾದಕ