ವಿಆರ್ ಹೆಡ್‌ಸೆಟ್ ಹಾಕಿಕೊಂಡರೆ ಇನ್ನೊಬ್ಬರ ಕಷ್ಟ ನಿಜವಾಗಿ ತಿಳಿಯುತ್ತದೆಯೇ?

ದೃಷ್ಟಿ ಕುಂದಿದ ಅಜ್ಜಿಯ ಕಷ್ಟ ತಿಳಿಯಲು, ಕಣ್ಣಿಗೆ ಕಟ್ಟಿಕೊಂಡರೆ ಕೃತಕ ಜಗತ್ತನ್ನು ನಿಜದಂತೆ ತೋರಿಸುವ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಕೊಳ್ಳಬೇಕೆಂದಿದ್ದೀರಿ. ನಾನೂ ಅಪ್ಪನಿಗಾಗಿ ಇದೇ ಸಾಹಸ ಮಾಡಿದವನು.

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಅಪ್ಪನಿಗೆ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ, ಆರು ವರ್ಷಗಳಲ್ಲಿ ಅಂಚಿನ ದೃಷ್ಟಿ ಬಹುಪಾಲು ಹೋಗಿತ್ತು. ಆದರೂ ವಾರಕ್ಕೆರಡು ಸಲ ಸಿಟಿ ಬಸ್ ಹತ್ತಿ ದೇವರಾಜ ಮಾರುಕಟ್ಟೆಗೆ ಹೋಗಿ ವೀಳ್ಯದೆಲೆ ತರುತ್ತಿದ್ದರು. ಎಲೆಯ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿ, ನಾರು ದಪ್ಪವೆನಿಸಿದರೆ ಮಾತಿಲ್ಲದೆ ಕಟ್ಟನ್ನು ಹಿಂದಕ್ಕೆ ತಳ್ಳುತ್ತಿದ್ದರು.

ಗೆಳೆಯನ ಹೆಡ್‌ಸೆಟ್‌ನಲ್ಲಿ ಗ್ಲಾಕೋಮಾದ ಅನುಭವ ಕೊಡುವ ಆ್ಯಪ್ ಇತ್ತು. ಸುತ್ತಲೂ ಕಪ್ಪು, ನಡುವೆ ಕೊಳವೆಯಷ್ಟು ಬೆಳಕು. ಪಕ್ಕದಿಂದ ನುಗ್ಗಿದ ಸ್ಕೂಟರ್ ಕಾಣಲೇ ಇಲ್ಲ. ಬೆಚ್ಚಿ ಹಿಂದೆ ಸರಿದು ಟೀಪಾಯಿಗೆ ಕಾಲು ಬಡಿಸಿಕೊಂಡೆ. ಹತ್ತು ನಿಮಿಷದಲ್ಲಿ ಕಣ್ಣು ತುಂಬಿ ಬಂತು. ಅಂದು ಸಂಜೆಯೇ "ಇನ್ನು ಮೇಲೆ ಒಬ್ಬರೇ ಹೊರಗೆ ಹೋಗಬೇಡಿ" ಎಂದು ಅಪ್ಪನಿಗೆ ಕಟ್ಟಪ್ಪಣೆ ಮಾಡಿ, ಅವರ ಕೈಚೀಲವನ್ನು ಅಟ್ಟದ ಮೇಲಿಟ್ಟೆ. ನನ್ನಂಥ ಮಗ ಇನ್ನೊಬ್ಬನಿಲ್ಲವೆಂಬ ಹೆಮ್ಮೆ ಬೇರೆ.

ತಪ್ಪನ್ನು ಬಿಡಿಸಿ ಹೇಳುತ್ತೇನೆ, ನೀವೂ ಅಲ್ಲೇ ಎಡವುವವರಿದ್ದೀರಿ. ದೃಷ್ಟಿ ದಿಢೀರನೆ ಹೋದರೆ ನನಗೆ ಮೊದಲ ಹತ್ತು ನಿಮಿಷ ಹೇಗಿರುತ್ತದೆಂದು ನೋಡಿ, ಅದನ್ನೇ ಅಪ್ಪನ ಬದುಕು ಎಂದುಕೊಂಡೆ. ಅವರಿಗೆ ಅದು ಎಳ್ಳಷ್ಟೆಳ್ಳಷ್ಟೇ ಹೋಗಿತ್ತು. ಹೋದಷ್ಟಕ್ಕೂ ಕತ್ತು ತಿರುಗಿಸುವುದು, ಕಿವಿಗೊಡುವುದು, ಮೆಟ್ಟಿಲು ಎಣಿಸುವುದನ್ನು ಕಲಿತಿದ್ದರು. ಆ ಕಲಿಕೆ ಆ್ಯಪ್‌ನಲ್ಲಿ ಎಲ್ಲಿಂದ ಬರಬೇಕು? ಗಾಬರಿ ನನ್ನದು, ಅದನ್ನು ಅವರ ತಲೆಗೆ ಕಟ್ಟಿದೆ. ಆ ಕಪ್ಪು ಕೊಳವೆಯಾದರೂ ನಿಜವೇ? 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 50 ಗ್ಲಾಕೋಮಾ ರೋಗಿಗಳಿಗೆ ಚಿತ್ರಗಳನ್ನು ತೋರಿಸಿ, ನಿಮಗೆ ಕಾಣುವುದು ಯಾವುದರಂತಿದೆ ಎಂದು ಕೇಳಿದರು. ಕಪ್ಪು ಕೊಳವೆಯನ್ನು ಒಬ್ಬರೂ ಆರಿಸಲಿಲ್ಲ. ಒಂದು ಸಲ ಅಪ್ಪನನ್ನು ಕೇಳಿದ್ದರೆ ನನಗೂ ಇದು ಗೊತ್ತಾಗುತ್ತಿತ್ತು. ಅಮೆರಿಕದ 2015ರ ಅಧ್ಯಯನವೊಂದನ್ನು ಓದಿದಾಗಲಂತೂ ತಲೆ ತಗ್ಗಿತು: ಕಣ್ಣು ಕಟ್ಟಿಕೊಂಡು ಅಂಧತ್ವದ ರುಚಿ ನೋಡಿದವರು, ಅಂಧರಿಗೆ ದುಡಿದು ಸ್ವತಂತ್ರವಾಗಿ ಬದುಕುವ ಶಕ್ತಿ ಕಡಿಮೆಯೆಂದು ಎಣಿಸಿದರಂತೆ.

ವಿಆರ್ ಪೂರ್ತಿ ಪೊಳ್ಳೆನ್ನಲಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರ 2018ರ ಅಧ್ಯಯನದಲ್ಲಿ, ಮನೆ ಕಳೆದುಕೊಳ್ಳುವ ಪಾಡನ್ನು ವಿಆರ್‌ನಲ್ಲಿ ಕಂಡವರು ಅದನ್ನು ಬರೀ ಓದಿದವರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಬಡವರ ವಸತಿಯ ಮನವಿಗೆ ಸಹಿ ಹಾಕಿದರು. ಕಾಣದ ಊರಿನವರಿಗಾಗಿ ಸಹಿ ಹಾಕಲು ಆ ಮರುಕ ಸಾಕು. ನಿಮ್ಮ ಅಜ್ಜಿ ಪಕ್ಕದ ಕೋಣೆಯಲ್ಲಿದ್ದಾರೆ. ಹೆಡ್‌ಸೆಟ್ ಬೇಡ. ಅವರನ್ನು ಅಂಗಡಿಗೆ ಕರೆದೊಯ್ಯಿರಿ, ದಾರಿ ಅವರೇ ತೋರಿಸಲಿ, ನೀವು ಎರಡು ಹೆಜ್ಜೆ ಹಿಂದಿರಿ.

ಅಪ್ಪ ಮೂರು ತಿಂಗಳು ಮನೆಯಲ್ಲೇ ಕುಳಿತರು. ನಾನು ತಂದ ಎಲೆಯನ್ನು ಮುಟ್ಟದೆ, ಎಲೆ ಅಡಿಕೆಯನ್ನೇ ಬಿಟ್ಟರು. ಕೊನೆಗೆ ಅಮ್ಮ ಬೈದ ಮೇಲೆ ಕೈಚೀಲ ಇಳಿಸಿಕೊಟ್ಟು ಜೊತೆಗೆ ಹೊರಟೆ. ಬಸ್ಸಿನ ಮೆಟ್ಟಿಲಲ್ಲಿ ಅಪ್ಪ ತಡವರಿಸಿದರು. ಮೊದಲು ಹಾಗೆ ತಡವರಿಸುತ್ತಿರಲಿಲ್ಲ. ಎಲೆ ಅಂಗಡಿಯವನು "ಯಜಮಾನರು ಇಷ್ಟು ದಿನ ಕಾಣಲೇ ಇಲ್ಲ?" ಎಂದ.

ಅಪ್ಪ ಎಲೆಯ ಮೇಲೆ ಹೆಬ್ಬೆರಳು ಆಡಿಸುತ್ತಲೇ ನನ್ನ ಕಡೆಗೆ ಕತ್ತು ತಿರುಗಿಸಿ, "ಮಗನಿಗೆ ಕಣ್ಣು ಸರಿಯಿರಲಿಲ್ಲ" ಎಂದರು.