ಎಳ್ಳಿನ ಲೆಕ್ಕ ಗಂಜ್‌ನವರಿಗೆ ಹೊಸದೇ?

ರಾಯಚೂರಿನ ಕೃಷಿ ಮಾರುಕಟ್ಟೆ ರಾಜೇಂದ್ರ ಗಂಜ್‌ನಲ್ಲಿ ದಲಾಲಿ ಅಂಗಡಿ ನಡೆಸುವ ಹಿರಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅಂಗಡಿಯ ಲೆಟರ್‌ಹೆಡ್ ಮೇಲೆ, ನೀಲಿ ಇಂಕಿನಲ್ಲಿ. 'ಸಿಲಿಕಾನ್ ವ್ಯಾಲಿ' ಎಂಬ ಅಮೆರಿಕದ ಕಾಮಿಡಿ ಸರಣಿಯ ಮೊದಲ ಸೀಸನ್ನನ್ನು ನಾವು ನಮ್ಮ ಪತ್ರಿಕೆಯ ಎಂಟು ಸಂಚಿಕೆಗಳಲ್ಲಿ ಕಂತು ಕಂತಾಗಿ ವಿಮರ್ಶೆ ಮಾಡಿದ್ದು ಅವರಿಗೆ ಸರಿಬಂದಿಲ್ಲ. ಕಂಪ್ಯೂಟರ್ ಹುಡುಗರ ಕಂಪನಿ ಕಥೆ ನಮಗ್ಯಾಕ್ರೀ ಎಂದು ಶುರು ಮಾಡಿದ್ದಾರೆ. ಅರ್ಧ ಗಂಟೆಯ ನಗೆಯಾಟಕ್ಕೆ ಪ್ರತಿ ಸಲ ಎರಡು ಪುಟ ಬೇಕಾ, ಎಲ್ಲ ಮುಗಿದ ಮೇಲೆ ಒಂದೇ ಸಲ ಬರೆದರೆ ಆಗ್ತಿರಲಿಲ್ವಾ ಎಂದೂ ಕೇಳಿದ್ದಾರೆ. ಕೊನೆಯ ಪುಟದಲ್ಲಿ ಮಾತ್ರ ನಿಜವಾದ ಸಿಟ್ಟಿದೆ: "ಎಂಟನೇ ಕಂತು ನಾ ನೋಡೋದ್ರೊಳಗ ನೀವು ಕೊನೆ ಹೇಳಿಬಿಟ್ರಿ."

ಸಾಹುಕಾರ್ರೇ, ಆ ಸಿಟ್ಟಿನಿಂದಲೇ ಶುರು ಮಾಡುತ್ತೇನೆ. ಅಲ್ಲಿ ತಪ್ಪು ನಮ್ಮದೇ. ಕೊನೆ ಹೇಳುವ ಮೊದಲು ಒಂದು ಸಾಲು ಎಚ್ಚರಿಕೆ ಹಾಕಬೇಕಿತ್ತು. ಪ್ರೂಫ್ ನೋಡಿದವನು ನಾನು, ನನ್ನ ತಲೆಗೂ ಹೊಳೆಯಲಿಲ್ಲ. ಕ್ಷಮಿಸಿ. ಆದರೆ ಮೊದಲ ಪುಟದಲ್ಲಿ ಈ ಕಥೆ ನಮಗ್ಯಾಕೆ ಅಂದವರು ನಾಲ್ಕನೇ ಪುಟದಲ್ಲಿ ಕೊನೆ ಗೊತ್ತಾಯಿತು ಅಂತ ಬೇಜಾರು ಮಾಡಿಕೊಂಡಿದ್ದೀರಿ. ಅಲ್ಲಿಗೆ ಏಳು ಕಂತು ನೋಡಿದ್ದೀರಿ ಅಂತಾಯ್ತು, ಅಲ್ವಾ?

ನಿಮ್ಮ ಪತ್ರದ ಒಂದು ಸಾಲನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. "1 ಕೋಟಿ ಡಾಲರ್ ಒಲ್ಲೆ ಅಂದವನಿಗೆ ನಮ್ಮ ಗಂಜ್‌ನಾಗ ಚೀಲ ಹೊಲಿಯೋ ಕೆಲಸಾನೂ ಕೊಡಂಗಿಲ್ಲ." ಇದು ಮೊದಲ ಕಂತಿನ ಮಾತು. ನೋಡದವರಿಗಾಗಿ ಹೇಳುತ್ತೇನೆ. ರಿಚರ್ಡ್ ಹೆಂಡ್ರಿಕ್ಸ್ ಎಂಬ ಅಂಜುಬುರುಕ ಹುಡುಗ 'ಹೂಲಿ' ಎಂಬ ದೈತ್ಯ ಕಂಪನಿಯಲ್ಲಿ ಕೆಲಸಕ್ಕಿದ್ದಾನೆ. ಫೈಲ್‌ಗಳನ್ನು ಸಣ್ಣದು ಮಾಡುವ ಒಂದು ಪ್ರೋಗ್ರಾಂ ಬರೆದಿದ್ದಾನೆ. ಕಂಪನಿಯ ಧಣಿ ಗ್ಯಾವಿನ್ ಬೆಲ್ಸನ್ ಅದನ್ನು ಪೂರ್ತಿ ಕೊಂಡುಕೊಳ್ಳಲು 1 ಕೋಟಿ ಡಾಲರ್‌ವರೆಗೂ ಹೋಗುತ್ತಾನೆ. ಪೀಟರ್ ಗ್ರೆಗೊರಿ ಎಂಬ ಇನ್ನೊಬ್ಬ ಹಣವಂತ ಶೇಕಡಾ 5 ಪಾಲಿಗೆ 2 ಲಕ್ಷ ಡಾಲರ್ ಕೊಡುತ್ತೇನೆ, ಕಂಪನಿ ನೀನೇ ಕಟ್ಟು ಅನ್ನುತ್ತಾನೆ. ನಿಮ್ಮ ಗುಮಾಸ್ತ ಬಾಯಲ್ಲೇ ಲೆಕ್ಕ ಹೇಳ್ತಾನೆ. 5ಕ್ಕೆ 2 ಲಕ್ಷ ಅಂದರೆ ಪೂರ್ತಿಗೆ 40 ಲಕ್ಷ. ಅದೂ ಕಾಗದದ ಮೇಲೆ. ಅತ್ತ ರೊಕ್ಕ ಕೈಯಲ್ಲಿ. ಇದರ ಮೇಲೆ, ಹುಡುಗರು ಉಳಿದುಕೊಂಡಿರುವ ಮನೆಯ ಯಜಮಾನ ಎರ್ಲಿಕ್‌ಗೆ ಬಾಡಿಗೆ ಬದಲು ಶೇಕಡಾ 10 ಪಾಲು. ರಿಚರ್ಡ್ ಆರಿಸಿಕೊಳ್ಳುವುದು 2 ಲಕ್ಷವನ್ನು. ನೀವು ದಡ್ಡ ಅಂದಿರಿ. ಸರಣಿಯೂ ಅವನನ್ನು ಜಾಣ ಅನ್ನುವುದಿಲ್ಲ. ಅವನು ಹೊರಗೆ ಹೋಗಿ ವಾಂತಿ ಮಾಡಿಕೊಳ್ಳುತ್ತಾನೆ.

ಈ ಕಾಮಿಡಿಯಲ್ಲಿ ನನಗೆ ಹಿಡಿಸಿದ್ದೇ ಇದು. ನಗು ಹುಟ್ಟುವುದು ಲೆಕ್ಕದ ಪುಸ್ತಕದಿಂದ. ಯಾರ ಪಾಲು ಎಷ್ಟು, ಯಾರು ಯಾರಿಗೆ ಬಾಕಿ ಅನ್ನುವುದು ಪ್ರತಿ ಕಂತಿನಲ್ಲೂ ಪಕ್ಕಾ ಇರುತ್ತದೆ. ಕಂತು ಕಂತಾಗಿ ಬರೆಸಿದ್ದು ಅದಕ್ಕೇ. ಒಂದೊಂದು ಕಂತೂ ಒಂದೊಂದು ವ್ಯವಹಾರ.

ಎರಡನೇ ಕಂತನ್ನೇ ತೆಗೆದುಕೊಳ್ಳಿ. ಪೀಟರ್ ಗ್ರೆಗೊರಿ ಪಾಲುದಾರರ ಪಟ್ಟಿ ಕೇಳುತ್ತಾನೆ. ಒಬ್ಬೊಬ್ಬರೂ ಏನು ಮಾಡ್ತಾರೆ ಎಂದು ವಿಚಾರಿಸುವಾಗ ರಿಚರ್ಡ್‌ನ ಗೆಳೆಯ ಬಿಗ್ ಹೆಡ್ ಬಗ್ಗೆ ಹೇಳಲು ಯಾರ ಹತ್ತಿರವೂ ಏನೂ ಇಲ್ಲ. ಒಳ್ಳೆಯವನು, ಅಷ್ಟೇ. ಆ ದೃಶ್ಯಕ್ಕೆ ನಮ್ಮ ವಿಮರ್ಶಕರು ಜೋರಾಗಿ ನಕ್ಕೆ ಎಂದು ಬರೆದಿದ್ದರು. ನನಗೆ ನಗು ಬರಲಿಲ್ಲ. 1998ರಲ್ಲಿ ನಾವು ಮೂವರು ಗೆಳೆಯರು ಬಳ್ಳಾರಿಯ ಕಾರ್ ಸ್ಟ್ರೀಟ್ ಹತ್ತಿರ ಒಂದು ಡಿಟಿಪಿ ಸೆಂಟರ್ ಹಾಕಿದ್ದೆವು. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಮೂರು ಕುರ್ಚಿ. ಒಬ್ಬ ಟೈಪ್ ಮಾಡುತ್ತಿದ್ದ. ನಾನು ಪ್ರೂಫ್ ನೋಡುತ್ತಿದ್ದೆ. ಮೂರನೆಯವನು ಚಹಾ ತರಿಸುತ್ತಿದ್ದ, ಮದುವೆ ಕಾರ್ಡ್ ಮಾಡಿಸಲು ಬಂದವರ ಜೊತೆ ಅವರ ಊರು, ಮನೆತನ ಎಲ್ಲ ಮಾತಾಡುತ್ತಾ ಕೂತಿರುತ್ತಿದ್ದ. ಎರಡನೇ ಕಂಪ್ಯೂಟರಿಗೆ ದುಡ್ಡು ಹಾಕಲು ಬಂದ ಹಿರಿಯರು ಕರಾರು ಪತ್ರ ಮುಂದಿಟ್ಟುಕೊಂಡು, "ಇವರು ಏನ್ ಮಾಡ್ತಾರ?" ಅಂದರು. ನಾವಿಬ್ಬರೂ ಪ್ರಿಂಟರ್ ಕಡೆ ನೋಡಿದೆವು. ಅವನೇ ಎದ್ದು, ಚಹಾ ಹೇಳಿ ಬರ್ತೀನಿ ಅಂತ ಹೋದ. ವಾಪಸ್ ಬರಲಿಲ್ಲ. ಅವನು ಹೋದ ಮೇಲೆ ಮದುವೆ ಕಾರ್ಡಿನವರೂ ಕಡಿಮೆಯಾದರು. ಆಮೇಲೆ ತಿಳಿಯಿತು ಅವನು ಏನು ಮಾಡುತ್ತಿದ್ದ ಅಂತ.

ಇದನ್ನು ಸೀಸನ್ ಮುಗಿದ ಮೇಲಿನ ಒಂದೇ ವಿಮರ್ಶೆಯಲ್ಲಿ ಎಲ್ಲಿ ಇಡುವುದು? "ಎರಡನೇ ಕಂತಿನಲ್ಲಿ ಗೆಳೆಯನನ್ನು ಕೈಬಿಡುತ್ತಾರೆ" ಅಂತ ಅರ್ಧ ಸಾಲಿನಲ್ಲಿ ಮುಗಿದುಹೋಗುತ್ತಿತ್ತು.

ಮೂರನೇ ಕಂತಂತೂ ನಿಮ್ಮದೇ. ಕಂಪನಿಗೆ ಇಟ್ಟ 'ಪೈಡ್ ಪೈಪರ್' ಎಂಬ ಹೆಸರು ಆಗಲೇ ಒಬ್ಬ ನೀರಾವರಿ ಸಾಮಾನಿನವನ ಹೆಸರಿನಲ್ಲಿ ರಿಜಿಸ್ಟರ್ ಆಗಿರುತ್ತದೆ. 1000 ಡಾಲರಿಗೆ ಮಾತು ಮುಗಿಯುತ್ತದೆ. ಹಿಂದೆ ಕೋಟ್ಯಧಿಪತಿ ಇದ್ದಾನೆ ಅಂತ ಗೊತ್ತಾದ ತಕ್ಷಣ ಆ ಮನುಷ್ಯ ಎರಡೂವರೆ ಲಕ್ಷ ಕೇಳುತ್ತಾನೆ. ರೇಟು ಆದ ಮೇಲೆ ಮಾತು ತಿರುಗಿಸುವುದನ್ನು ನಿಮ್ಮ ಕಟ್ಟೆಯ ಮೇಲೆ ಯಾರೂ ನೋಡಿಲ್ಲವೇ? ಅದೇ ಕಂತಿನಲ್ಲಿ ಇತ್ತ ಪೀಟರ್ ಗ್ರೆಗೊರಿ ಬರ್ಗರುಗಳನ್ನು ಮುಂದೆ ಹರಡಿಕೊಂಡು ಕೂತಿದ್ದಾನೆ. ಎದುರಿಗೆ ದುಡ್ಡು ಕೇಳಲು ಬಂದವರು ಬೆವರುತ್ತಿದ್ದಾರೆ. ಅವನ ಕಣ್ಣು ಬನ್ನಿನ ಮೇಲಿನ ಎಳ್ಳಿನ ಮೇಲೆ. ಎಳ್ಳು ಬೆಳೆಯುವ ದೇಶ ಯಾವುದು, ಅಲ್ಲಿ ಜೀರುಂಡೆ ಏಳುವ ವರ್ಷ ಯಾವುದು ಎಂದು ಮನಸ್ಸಿನಲ್ಲೇ ಗುಣಿಸಿ, ಜೀರುಂಡೆ ಕಾಟ ಇಲ್ಲದ ಇಂಡೋನೇಷ್ಯಾದ ಎಳ್ಳಿಗೆ ಮುಂಗಡ ಸೌದಾ ಹಾಕಿಬಿಡುತ್ತಾನೆ. ಒಂದು ತಕರಾರು ನನ್ನದೂ ಇದೆ. 13 ಮತ್ತು 17 ವರ್ಷಕ್ಕೊಮ್ಮೆ ಮಣ್ಣಿನಿಂದ ಏಳುವ ಆ ಜೀರುಂಡೆಗಳು ನಿಜವಾಗಿ ಇರುವುದು ಅಮೆರಿಕದ ಪೂರ್ವ ಭಾಗದಲ್ಲಿ ಮಾತ್ರ. ಎಳ್ಳಿನ ಹೊಲಕ್ಕೆ ಅವು ಬರುವುದು ಕಥೆಯಲ್ಲಷ್ಟೇ. ನಮ್ಮ ವಿಮರ್ಶಕರು ಇದನ್ನು ಹೇಳಬೇಕಿತ್ತು.

ಪೀಟರ್ ಗ್ರೆಗೊರಿಯ ಪಾತ್ರ ಮಾಡಿದ ಕ್ರಿಸ್ಟೋಫರ್ ಇವಾನ್ ವೆಲ್ಚ್ ಸರಣಿ ಟಿವಿಗೆ ಬರುವ ಮೊದಲೇ, 2013ರ ಡಿಸೆಂಬರ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಮೊದಲ ಕಂತು ಪ್ರಸಾರವಾಗಿದ್ದು 2014ರ ಏಪ್ರಿಲ್ 6ರಂದು. ಇದು ಗೊತ್ತಾದ ಮೇಲೆ ಎಳ್ಳಿನ ದೃಶ್ಯವನ್ನು ಇನ್ನೊಮ್ಮೆ ನೋಡಿದೆ. ಆ ಮನುಷ್ಯ ಕಣ್ಣು ಮಿಟುಕಿಸುವುದೂ ಅಪರೂಪ. ದನಿ ಏರುವುದೇ ಇಲ್ಲ. ಆಮೇಲೆ ಬಂದ ಹಣವಂತರು ಯಾರೂ ನನಗೆ ಅಷ್ಟು ರುಚಿಸಲಿಲ್ಲ.

ಫೈಲ್ ಸಣ್ಣದು ಮಾಡೋದು ಅಂದ್ರೇನು ಅಂತ ಕೇಳಿದ್ದೀರಿ. ನಿಮ್ಮೂರಿನ ಜಿನ್ನಿಂಗ್ ಮಿಲ್ಲಿಗೆ ಹೋಗಿ. ಕೋಣೆ ತುಂಬ ಹರಡಿದ್ದ ಅರಳೆಯನ್ನು ಒತ್ತಿ 170 ಕಿಲೋದ ಬೇಲ್ ಕಟ್ಟುತ್ತಾರೆ. ಬಿಚ್ಚಿದರೆ ಅಷ್ಟೇ ಅರಳೆ, ಒಂದು ಎಳೆಯೂ ಹೋಗಿರಬಾರದು. ಫೈಲಿನದೂ ಹಾಗೇ. ಮತ್ತೆ ಮತ್ತೆ ಬರುವ ತುಣುಕನ್ನು ಪೂರ್ತಿ ಬರೆಯುವ ಬದಲು "ಹಿಂದೆ ಇಂಥಲ್ಲಿ ಇದೆ ನೋಡು" ಎಂದು ಗುರುತು ಹಾಕುವ ಉಪಾಯವನ್ನು ಜಿವ್ ಮತ್ತು ಲೆಂಪೆಲ್ ಎಂಬ ಇಬ್ಬರು 1977ರಲ್ಲೇ ಪ್ರಕಟಿಸಿದ್ದರು. ಯಾರ ಬೇಲ್ ಎಷ್ಟು ಬಿಗಿ ಎಂದು ಅಳೆಯಲು ಸರಣಿಯಲ್ಲಿ 'ವೈಸ್‌ಮನ್ ಸ್ಕೋರ್' ಎಂಬ ಅಳತೆ ಬರುತ್ತದಲ್ಲ, ಅದನ್ನು ಸರಣಿಗೆಂದೇ ಹುಟ್ಟಿಸಿದ್ದು. ಸ್ಟ್ಯಾನ್‌ಫರ್ಡ್‌ನ ಪ್ರೊಫೆಸರ್ ತ್ಸಾಖಿ ವೈಸ್‌ಮನ್ ಅವರ ಹೆಸರು ಅದಕ್ಕೆ.

ಎಂಟನೇ ಕಂತಿನಲ್ಲಿ ರಿಚರ್ಡ್‌ಗೆ ಹೊಸ ಉಪಾಯ ಹೊಳೆಯುವುದು ಯಾವ ಜೋಕಿನಿಂದ ಅಂತ ನಾವು ಬರೆಯಲಿಲ್ಲ. ನಿಮ್ಮ ಮನೆಯವರು ಕೇಳಿದರು ಅಂತ ಬರೆದಿದ್ದೀರಿ. ಪತ್ರಿಕೆ ಮನೆಮಂದಿಯೆಲ್ಲ ಓದುವಂಥದ್ದು. ನೀವೇ ನೋಡಿ, ಹೇಳೋದೋ ಬಿಡೋದೋ ನಿಮಗೆ ಬಿಟ್ಟಿದ್ದು.

ಸರಣಿಯನ್ನು ಬರೀ ಹೊಗಳಿದ್ದೀರಿ ಅಂತಲೂ ಬೈದಿದ್ದೀರಿ. ಒಪ್ಪುತ್ತೇನೆ. ಮೊದಲ ಸೀಸನ್ನಿನಲ್ಲಿ ಪೀಟರ್ ಗ್ರೆಗೊರಿಯ ಕಚೇರಿಯ ಮೋನಿಕಾ ಬಿಟ್ಟರೆ ಹೆಸರು ಹಿಡಿದು ಹೇಳುವಂಥ ಹೆಣ್ಣು ಪಾತ್ರವೇ ಇಲ್ಲ. 2019ರವರೆಗೆ ಆರು ಸೀಸನ್, 53 ಕಂತು ನಡೆದಿದೆ. ಮೂರನೆಯದರ ಹೊತ್ತಿಗೆ ಹಾವು ಏಣಿ ಆಟ ಆಗಿಬಿಡುತ್ತದೆ. ಗೆದ್ದರು ಅನ್ನುವಾಗ ಹಾವು, ಮುಳುಗಿದರು ಅನ್ನುವಾಗ ಏಣಿ. ಅಷ್ಟನ್ನೂ ನಾವು ಬರೆಯುವುದಿಲ್ಲ, ಹೆದರಬೇಡಿ. ಎರಡನೇ ಸೀಸನ್‌ನಿಂದ ಮೂರೋ ನಾಲ್ಕೋ ಆರಿಸುತ್ತೇವೆ.

ಅದರ ಮೂರನೇ ಕಂತಿನಲ್ಲಿ ರಸ್ ಹ್ಯಾನೆಮನ್ ಎಂಬ ಹೊಸ ಸಾಹುಕಾರ ಬರುತ್ತಾನೆ. ಆದಾಯ ತೋರಿಸಬೇಡಿ ಅನ್ನುವುದು ಅವನ ಬುದ್ಧಿಮಾತು. ತೋರಿಸಿದರೆ ಎಷ್ಟು ಅಂತ ಕೇಳುತ್ತಾರೆ, ಎಷ್ಟು ಹೇಳಿದರೂ ಸಾಲದು ಅನ್ನುತ್ತಾರೆ. ಏನೂ ಇಲ್ಲದಿದ್ದರೆ ಎಷ್ಟು ಬೇಕಾದರೂ ಆಗಬಹುದು ಅಂತ ಜನ ನಂಬುತ್ತಾರೆ. ಬೆಳಿಗ್ಗೆ ಬೋಣಿ ಆಗದೆ ಚಹಾ ಕುಡಿಯದ ನಿಮಗೆ ಇದು ಹೇಗೆ ಕೇಳಿಸುತ್ತದೋ. ಆ ಕಂತಿನ ವಿಮರ್ಶೆ ನೀವೇ ಬರೆಯಿರಿ. ಎರಡು ಪುಟ ಖಾಲಿ ಇಟ್ಟಿರುತ್ತೇನೆ. ಗಂಜ್‌ಗೆ ಹೊಸ ಹತ್ತಿ ಬರೋದಕ್ಕೆ ಮುಂಚೆ ಕಳಿಸಿ, ಆಮೇಲೆ ನಿಮಗೆ ಪುರಸೊತ್ತು ಇರುವುದಿಲ್ಲ. ಕೊನೆ ಮಾತ್ರ ಹೇಳಬೇಡಿ.